ಅವರ ಮಾತು ಇವರ ಬಾಯಲ್ಲಿ

1975ರ ಜುಲೈ 17. ಭೂಮಿಯಿಂದ ಸುಮಾರು 220 ಕಿಲೋಮೀಟರ್ ಎತ್ತರದಲ್ಲಿ ಎರಡು ವ್ಯೋಮನೌಕೆಗಳು ಒಂದನ್ನೊಂದು ಸಮೀಪಿಸುತ್ತಿದ್ದವು. ಒಂದರಲ್ಲಿ ಮೂವರು ಅಮೆರಿಕನ್ನರು, ಇನ್ನೊಂದರಲ್ಲಿ ಇಬ್ಬರು ಸೋವಿಯತ್ ಪ್ರಜೆಗಳು. ರೇಡಿಯೋದಲ್ಲಿ ಮಾತು ನಡೆದಿತ್ತು. ಆ ಮಾತಿಗೆ ಕಿವಿಗೊಟ್ಟವರಿಗೆ ಒಂದು ಸೋಜಿಗ ಕಾದಿತ್ತು. ಅಮೆರಿಕದ ನೌಕೆಯ ನಾಯಕ ಟಾಮಸ್ ಸ್ಟ್ಯಾಫರ್ಡ್ ರಷ್ಯನ್ ಭಾಷೆಯಲ್ಲಿ ಮಾತನಾಡುತ್ತಿದ್ದರು. ಸೋವಿಯತ್ ನೌಕೆಯ ನಾಯಕ ಅಲೆಕ್ಸಿ ಲಿಯೊನೊವ್ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು. ಇಬ್ಬರೂ ತಮ್ಮ ತಾಯ್ನುಡಿಯನ್ನು ಬದಿಗಿಟ್ಟು ಎದುರಿನವರ ನುಡಿಯನ್ನು ಎತ್ತಿಕೊಂಡಿದ್ದರು.

ಕ್ಯಾಮೆರಾಗಳ ಮುಂದೆ ತೋರಿದ ಸೌಜನ್ಯ ಇದು ಎಂದು ಅಂದು ಹಲವರು ಭಾವಿಸಿದ್ದುಂಟು. ವಾಸ್ತವದಲ್ಲಿ ಅದು ಮೂರು ವರ್ಷಗಳ ತಿಣುಕಾಟದ ನಂತರ ಕೈಗೊಂಡ ಒಂದು ಎಂಜಿನಿಯರಿಂಗ್ ತೀರ್ಮಾನ. ನೌಕೆಯ ಕವಾಟ ಎಷ್ಟು ದಪ್ಪವಿರಬೇಕು ಎಂದು ನಿರ್ಧರಿಸಿದಷ್ಟೇ ಎಚ್ಚರದಿಂದ, ಯಾರು ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದನ್ನೂ ನಿರ್ಧರಿಸಲಾಗಿತ್ತು.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಮಗನೋ ಸೊಸೆಯೋ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನ ಎದುರು ಕೂರುವುದು ಈಗ ಯಾರಿಗೂ ಹೊಸದಲ್ಲ. ಪರದೆಯ ಮೇಲೆ ನಾಲ್ಕು ದೇಶಗಳ ಮುಖಗಳು. ಒಬ್ಬರಿಗೆ ಬೆಳಿಗ್ಗೆ, ಒಬ್ಬರಿಗೆ ಮಧ್ಯಾಹ್ನ. ಎಂದೂ ಮುಖಾಮುಖಿ ಕಾಣದ ಜನ ಒಂದೇ ಕೆಲಸವನ್ನು ಹಂಚಿಕೊಂಡು ಮಾಡಬೇಕು. ಇಂಥ ತಂಡಗಳಿಗೆ ಪರಸ್ಪರ ಸಂಸ್ಕೃತಿಯ ತಿಳಿವಳಿಕೆ ಬೇಕೆಂದು ಕಂಪನಿಗಳು ತರಗತಿಗಳನ್ನು ನಡೆಸುತ್ತವೆ. ಜಪಾನಿನವರು ತಲೆಬಾಗುತ್ತಾರೆ, ಜರ್ಮನ್ನರು ಹೊತ್ತು ತಪ್ಪುವುದಿಲ್ಲ ಎನ್ನುವಷ್ಟರಲ್ಲೇ ಆ ಪಾಠ ಮುಗಿದುಹೋಗುವುದೂ ಉಂಟು. ಕನ್ನಡಿಗರು ‘ನೋಡೋಣ’ ಎಂದರೆ ಅದರೊಳಗೆ ಒಂದು ‘ಇಲ್ಲ’ ಅಡಗಿರಬಹುದೆಂದು ಇನ್ನೊಬ್ಬ ಕನ್ನಡಿಗನಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಅದನ್ನು ಒಪ್ಪಿಗೆಯೆಂದು ತಿಳಿದು ಕಾದು ಕೂತ ಹೊರಗಿನವನಿಗೆ ಯಾರು ಹೇಳಬೇಕು? ಪೆಟ್ಟು ಬೀಳುವುದು ಇಂಥ ಕಡೆಯೇ. ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಒಬ್ಬರ ಮೇಲೊಬ್ಬರು ಅಣ್ವಸ್ತ್ರ ಗುರಿಯಿಟ್ಟುಕೊಂಡಿದ್ದ ಎರಡು ದೇಶಗಳ ನಡುವೆ ಇಂಥದೇ ಒಂದು ತಂಡ ಕೆಲಸ ಮಾಡಿತ್ತು. ಅಲ್ಲಿ ಮಾತು ತಪ್ಪಿದರೆ ಹೋಗುತ್ತಿದ್ದುದು ಹಣ ಮಾತ್ರವಲ್ಲ, ಐದು ಜೀವಗಳು.

ಕಥೆಯ ಆರಂಭದಲ್ಲಿ ಒಂದು ಸಿನಿಮಾ ಬರುತ್ತದೆ. 1969ರಲ್ಲಿ ತೆರೆಕಂಡ ‘ಮರೂನ್ಡ್’ ಎಂಬ ಹಾಲಿವುಡ್ ಚಿತ್ರದಲ್ಲಿ ಅಮೆರಿಕದ ಗಗನಯಾತ್ರಿಗಳು ಕಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ನೆರವಿಗೆ ಬರುವವರಲ್ಲಿ ಒಬ್ಬ ಸೋವಿಯತ್ ಯಾತ್ರಿಯೂ ಇರುತ್ತಾನೆ. 1970ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಫಿಲಿಪ್ ಹ್ಯಾಂಡ್ಲರ್ ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನಿಗಳಿಗೆ ಈ ಕಥೆಯನ್ನು ಹೇಳಿದರು. ಹಿಂದಿನ ತಿಂಗಳಷ್ಟೇ ಅಪೋಲೊ 13 ಸಾವಿನ ಬಾಯಿಂದ ಪಾರಾಗಿ ಬಂದಿತ್ತು. ಕಥೆ ಕೇಳಿದವರಿಗೆ ಅದು ಬರೀ ಕಥೆಯೆನಿಸಲಿಲ್ಲ. ನಿಜಕ್ಕೂ ಅಂಥ ಆಪತ್ತು ಬಂದರೆ, ನೆರವಿಗೆ ಹೋಗುವ ಮನಸ್ಸಿದ್ದರೂ ಹೋಗುವ ದಾರಿಯೇ ಇರಲಿಲ್ಲ. ಒಂದು ದೇಶದ ನೌಕೆ ಇನ್ನೊಂದು ದೇಶದ ನೌಕೆಗೆ ಕೂಡುತ್ತಿರಲಿಲ್ಲ.

ಅದೇ ಅಕ್ಟೋಬರಿನಲ್ಲಿ ಹ್ಯೂಸ್ಟನ್ ಕೇಂದ್ರದ ಮುಖ್ಯಸ್ಥ ರಾಬರ್ಟ್ ಗಿಲ್ರೂತ್ ನಾಲ್ವರು ಸಹೋದ್ಯೋಗಿಗಳೊಡನೆ ಮಾಸ್ಕೋಗೆ ಹೋದರು. ಮಾತುಕತೆ ಆರಂಭವಾದ ಎಂಟೇ ತಿಂಗಳಲ್ಲಿ ಸೊಯುಜ್ 11ರ ದುರಂತ ಸಂಭವಿಸಿತು. 1971ರ ಜೂನ್ 30ರಂದು ನೌಕೆ ಇಳಿಯುವಾಗ ಒಂದು ಕವಾಟ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಯಿತು, ಮೂವರೂ ಅಸುನೀಗಿದರು. ಅವರ ಅಂತ್ಯಕ್ರಿಯೆಯಲ್ಲಿ ಹೆಗಲು ಕೊಟ್ಟವರಲ್ಲಿ ಸ್ಟ್ಯಾಫರ್ಡ್ ಕೂಡ ಒಬ್ಬರು. ಅಮೆರಿಕದ ಮೂವರು 1967ರಲ್ಲಿ ಅಪೋಲೊ ನೌಕೆಯೊಳಗೆ ನೆಲದ ಮೇಲೆಯೇ ಬೆಂಕಿಗೆ ಬಲಿಯಾಗಿದ್ದರು. ಎರಡೂ ಕಡೆಯ ಎಂಜಿನಿಯರುಗಳು ಸಾವನ್ನು ಕಂಡವರೇ. ಮುಂದಿನ ಚರ್ಚೆಗಳಲ್ಲಿ ಅವರು ತೋರಿದ ತಾಳ್ಮೆಗೆ ಇದೂ ಒಂದು ಕಾರಣವಿರಬೇಕು.

1972ರ ಮೇ 24ರಂದು ಅಧ್ಯಕ್ಷ ನಿಕ್ಸನ್ ಮತ್ತು ಪ್ರಧಾನಿ ಕೊಸಿಗಿನ್ ಒಪ್ಪಂದಕ್ಕೆ ಸಹಿ ಹಾಕಿದರು. ಯೋಜನೆಗೆ ಒಂದು ಹೆಸರು ಬೇಕಲ್ಲ. ಅಲ್ಲಿಂದಲೇ ಭೇದ ಶುರು. ಅಮೆರಿಕನ್ನರು ‘ಅಪೋಲೊ-ಸೊಯುಜ್’ ಎಂದರು, ರಷ್ಯನ್ನರು ‘ಸೊಯುಜ್-ಅಪೋಲೊ’ ಎಂದರು. ಕೊನೆಯವರೆಗೂ ಎರಡೂ ಹೆಸರು ಉಳಿದವು, ಯಾರೂ ಜಗಳವಾಡಲಿಲ್ಲ. ಮಾಸ್ಕೋದಲ್ಲಿ ತಯಾರಾಗಿ ಬಂದ ಸಿಗರೇಟಿನ ಪೊಟ್ಟಣದ ಮೇಲೂ ಆ ಹೆಸರು ಏರಿತು. ಯಾವ ಹೆಸರು ಮೊದಲು ಎಂಬುದರ ಬಗ್ಗೆ ಮದುವೆಯ ಕರೆಯೋಲೆ ಅಚ್ಚು ಹಾಕಿಸುವ ಬೀಗರಷ್ಟೂ ತಕರಾರು ಮಾಡದೆ ಬಿಟ್ಟದ್ದು ಜಾಣತನವೇ ಸರಿ.

ಕೆಲಸ ನಡೆಯಬೇಕಾದದ್ದು ಹ್ಯೂಸ್ಟನ್ ಮತ್ತು ಮಾಸ್ಕೋ ನಡುವೆ. ಗಡಿಯಾರದಲ್ಲಿ ಎಂಟೊಂಬತ್ತು ಗಂಟೆಗಳ ಅಂತರ. ಒಬ್ಬರು ಕಚೇರಿಗೆ ಬರುವ ಹೊತ್ತಿಗೆ ಇನ್ನೊಬ್ಬರ ಕಚೇರಿಯ ದೀಪ ಆರುವ ಹೊತ್ತು. ಸಾಧನಗಳೆಂದರೆ ಟೆಲೆಕ್ಸ್, ಅಂಚೆ, ದುಭಾಷಿಗಳನ್ನು ಕೂರಿಸಿಕೊಂಡು ಮಾಡುವ ದೂರವಾಣಿ ಕರೆ. ವರ್ಷಕ್ಕೆ ಕೆಲವು ಬಾರಿ ಒಂದು ತಂಡ ಇನ್ನೊಂದು ತಂಡದ ಊರಿಗೆ ಹೋಗಿ ವಾರಗಟ್ಟಲೆ ಕೂರುತ್ತಿತ್ತು. ಅಮೆರಿಕದ ಕಡೆ ತಾಂತ್ರಿಕ ನಿರ್ದೇಶಕರಾಗಿದ್ದವರು ಗ್ಲಿನ್ ಲನ್ನಿ, ಆಗಿನ್ನೂ ಮೂವತ್ತೈದರ ಆಸುಪಾಸಿನವರು. ಸೋವಿಯತ್ ಕಡೆ ಕಾನ್‌ಸ್ಟಾಂಟಿನ್ ಬುಶುಯೆವ್, ಐವತ್ತು ದಾಟಿದ ಹಿರಿಯರು. ಇವರಿಬ್ಬರ ಕೆಳಗೆ ವಿಷಯವಾರು ಕಾರ್ಯತಂಡಗಳು: ಕಕ್ಷೆಯ ಲೆಕ್ಕಾಚಾರಕ್ಕೊಂದು, ಜೋಡಣೆಗೊಂದು, ರೇಡಿಯೋಕ್ಕೊಂದು, ಉಸಿರಾಟದ ಗಾಳಿಗೊಂದು. ಪ್ರತಿ ತಂಡಕ್ಕೂ ಎರಡೂ ಕಡೆ ಒಬ್ಬೊಬ್ಬ ಮುಖ್ಯಸ್ಥ. ಹ್ಯೂಸ್ಟನ್ನಿನ ಗಾಳಿ ತಜ್ಞ ಮಾಸ್ಕೋದ ಗಾಳಿ ತಜ್ಞನ ಜೊತೆಗೇ ಮಾತನಾಡುತ್ತಿದ್ದ. ತನ್ನ ಕಸುಬನ್ನೇ ಮಾಡುವ ಇನ್ನೊಬ್ಬನನ್ನು ಕಂಡಾಗ ಮನುಷ್ಯನಿಗೆ ಹುಟ್ಟುವ ಸಲುಗೆ ರಾಯಭಾರಿಗಳ ಔತಣದಲ್ಲಿ ಹುಟ್ಟುವಂಥದ್ದಲ್ಲ.

ಎಲ್ಲ ದಾಖಲೆಗಳೂ ಎರಡು ಭಾಷೆಗಳಲ್ಲಿರಬೇಕು, ಎರಡೂ ಪ್ರತಿಗಳಿಗೆ ಸಮಾನ ಮಾನ್ಯತೆ ಎಂದು ನಿಯಮ ಮಾಡಿಕೊಂಡರು. ಒಂದನ್ನು ಮೂಲವೆಂದೂ ಇನ್ನೊಂದನ್ನು ಅನುವಾದವೆಂದೂ ಕರೆಯುವಂತಿರಲಿಲ್ಲ. ಇದರಿಂದ ಕೆಲಸ ನಿಧಾನವಾಯಿತು, ನಿಜ. ಆದರೆ ಒಂದೊಂದು ವಾಕ್ಯವನ್ನೂ ಎರಡು ಭಾಷೆಗಳಲ್ಲಿ ನಿಲ್ಲಿಸಿ ನೋಡುವಾಗ ಅದರ ಜಳ್ಳು ಗಟ್ಟಿ ಗೊತ್ತಾಗಿಬಿಡುತ್ತದೆ. ಪರಿಚಿತವಾಗಿ ಕಾಣುವ ಪದಗಳೇ ಹೆಚ್ಚು ಅಪಾಯಕಾರಿ. ಇಂಗ್ಲಿಷಿನ ‘ಕಂಟ್ರೋಲ್’ ಎಂದರೆ ಹಿಡಿತದಲ್ಲಿಟ್ಟು ನಡೆಸುವುದು. ರಷ್ಯನ್ ಭಾಷೆಯ ‘ಕಂತ್ರೋಲ್’ ಎಂದರೆ ಮುಖ್ಯವಾಗಿ ತಪಾಸಣೆ ಮಾಡುವುದು. ‘ಪ್ರೋಟೊಕಾಲ್’ ಎಂದೊಡನೆ ಇಂಗ್ಲಿಷ್ ಬಲ್ಲವನಿಗೆ ಶಿಷ್ಟಾಚಾರವೋ ಕ್ರಮವಿಧಿಯೋ ನೆನಪಾದರೆ, ರಷ್ಯನ್ನನಿಗೆ ಅದು ಸಭೆಯ ನಡಾವಳಿ. ಸಹಿ ಬೀಳದೆ ಸಭೆ ಮುಗಿಯದು. ನೌಕೆಯನ್ನು ಯಾರು ನಡೆಸುತ್ತಾರೆ, ಯಾರು ಕೇವಲ ಗಮನಿಸುತ್ತಾರೆ ಎಂಬ ಪ್ರಶ್ನೆ ಬಂದಾಗ ಇಂಥ ಜೋಡಿ ಪದಗಳ ನಡುವಿನ ಕೂದಲೆಳೆಯ ಅಂತರವೂ ಕಂದಕವಾಗಬಲ್ಲದು.

ಅಳತೆಗಳ ಮಾತೂ ಹಾಗೆಯೇ. ಅಮೆರಿಕದವರದು ಅಂಗುಲ, ಪೌಂಡು. ಇವರದು ಮೀಟರು, ಕಿಲೋಗ್ರಾಂ. ನಕ್ಷೆ ಬರೆಯುವ ಪದ್ಧತಿಯಲ್ಲೂ ವ್ಯತ್ಯಾಸ. ವಸ್ತುವಿನ ಬಲಬದಿಯ ನೋಟವನ್ನು ಅಮೆರಿಕದವರು ಹಾಳೆಯ ಬಲಕ್ಕೆ ಬರೆದರೆ ರಷ್ಯನ್ನರೂ ಯೂರೋಪಿನ ಬಹುತೇಕರೂ ಎಡಕ್ಕೆ ಬರೆಯುತ್ತಾರೆ. ಗೊತ್ತಿಲ್ಲದೆ ಓದಿದರೆ ಎಡದ ತೂತು ಬಲಕ್ಕೆ ಬೀಳುತ್ತದೆ. ತಮ್ಮ ನಡುವೆ ಭೇದವಿದೆ ಎಂದು ಮೊದಲೇ ತಿಳಿದಿದ್ದರಿಂದ ಈ ಜನ ಪ್ರತಿಯೊಂದನ್ನೂ ಕೇಳಿ ಖಚಿತಪಡಿಸಿಕೊಂಡರು. ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು 1999ರಲ್ಲಿ ನಡೆಯಿತು. ಮಂಗಳ ಗ್ರಹಕ್ಕೆ ಅಮೆರಿಕ ಕಳಿಸಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಗುರಿ ತಲುಪುವ ಹೊತ್ತಿಗೆ ನಾಶವಾಯಿತು. ಅದನ್ನು ನಿರ್ವಹಿಸುತ್ತಿದ್ದ ಎರಡು ತಂಡಗಳು ಎರಡು ಊರಿನಲ್ಲಿದ್ದವು, ಅಷ್ಟೆ. ಇಬ್ಬರದೂ ಒಂದೇ ದೇಶ, ಒಂದೇ ಭಾಷೆ. ಒಬ್ಬರು ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಬ್ಬರು ಮೆಟ್ರಿಕ್ ಎಂದುಕೊಂಡಿದ್ದರು.

ಯೋಜನೆಯ ಹೃದಯವೆಂದರೆ ಎರಡು ನೌಕೆಗಳನ್ನು ಕೂಡಿಸುವ ಯಂತ್ರ. ಅದುವರೆಗೆ ಎರಡೂ ದೇಶಗಳು ಬಳಸುತ್ತಿದ್ದುದು ಒರಳು-ಒನಕೆಯ ತತ್ವ. ಒಂದು ನೌಕೆಯ ಮೂತಿಯಲ್ಲಿ ಚಾಚಿದ ದಂಡ, ಇನ್ನೊಂದರಲ್ಲಿ ಅದನ್ನು ಒಳಗೆ ತೆಗೆದುಕೊಳ್ಳುವ ಶಂಕುವಿನಾಕಾರದ ಗುಳಿ. ದಂಡವಿರುವುದು ಕ್ರಿಯಾಶೀಲ, ಗುಳಿಯಿರುವುದು ನಿಷ್ಕ್ರಿಯ. ಎಂಜಿನಿಯರುಗಳು ಇವಕ್ಕೆ ಗಂಡು, ಹೆಣ್ಣು ಎಂಬ ಹೆಸರನ್ನೂ ಇಟ್ಟುಕೊಂಡಿದ್ದರು. ಇಲ್ಲಿ ಎರಡು ತೊಡಕುಗಳು. ಆಪತ್ತಿನಲ್ಲಿ ನೆರವಿಗೆ ಬಂದ ನೌಕೆಯೂ ಒನಕೆ ಹಿಡಿದೇ ಬಂದರೆ ಕೂಡುವುದು ಹೇಗೆ ಎಂಬುದು ಬಾಯಿಬಿಟ್ಟು ಹೇಳುತ್ತಿದ್ದ ತೊಡಕು. ಇನ್ನೊಂದನ್ನು ಯಾರೂ ಕಡತದಲ್ಲಿ ಬರೆಯುವಂತಿರಲಿಲ್ಲ: ಇಡೀ ಜಗತ್ತು ನೋಡುತ್ತಿರುವಾಗ ಎರಡು ಮಹಾಶಕ್ತಿಗಳಲ್ಲಿ ನಿಷ್ಕ್ರಿಯ ಭಾಗವಾಗಲು ಒಪ್ಪುವವರು ಯಾರು?

ಹ್ಯೂಸ್ಟನ್ನಿನ ಕಾಲ್ಡ್‌ವೆಲ್ ಜಾನ್ಸನ್ ಮತ್ತು ಮಾಸ್ಕೋದ ವ್ಲಾದಿಮಿರ್ ಸಿರೊಮ್ಯಾಟ್ನಿಕೊವ್ ಇದಕ್ಕೆ ಕಂಡುಕೊಂಡ ಪರಿಹಾರ ಸುಂದರವಾದದ್ದು. ಎರಡು ನೌಕೆಗಳ ಮೂತಿಯಲ್ಲೂ ಒಂದೇ ಬಗೆಯ ಉಂಗುರ. ಪ್ರತಿ ಉಂಗುರದ ಅಂಚಿನಲ್ಲಿ ಹೂವಿನ ಎಸಳಿನಂಥ ಮೂರು ಮಾರ್ಗದರ್ಶಕ ಫಲಕಗಳು. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಇದರ ಎಸಳುಗಳ ನಡುವೆ ಅದರ ಎಸಳುಗಳು ಕೂಡುತ್ತವೆ. ಯಾವ ನೌಕೆ ಬೇಕಾದರೂ ಉಂಗುರವನ್ನು ಮುಂದೆ ಚಾಚಬಹುದು, ಯಾವುದು ಬೇಕಾದರೂ ಹಿಂದಕ್ಕೆ ಎಳೆದುಕೊಂಡು ಕಾಯಬಹುದು. ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅಥವಾ ಎರಡೂ ಹೌದು. ಅರ್ಧನಾರೀಶ್ವರನ ಕಲ್ಪನೆ ತಿಳಿದವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ.

ಇದಕ್ಕಿಂತ ಸ್ವಾರಸ್ಯಕರ ಸಂಗತಿ ಇನ್ನೊಂದಿದೆ. ಹೊರಗಿನಿಂದ ಒಂದೇ ರೀತಿ ಕೂಡುವ ಈ ಎರಡು ಯಂತ್ರಗಳು ಒಳಗೆ ಒಂದೇ ಆಗಿರಲಿಲ್ಲ. ನೌಕೆಗಳು ತಾಗುವಾಗಿನ ಹೊಡೆತವನ್ನು ಹೀರಿಕೊಳ್ಳಲು ಅಮೆರಿಕನ್ನರು ದ್ರವ ತುಂಬಿದ ಹೈಡ್ರಾಲಿಕ್ ಸಾಧನಗಳನ್ನು ಬಳಸಿದರು. ರಷ್ಯನ್ನರು ಹಲ್ಲುಚಕ್ರ, ವಿದ್ಯುತ್ ಬ್ರೇಕುಗಳನ್ನು ನೆಚ್ಚಿಕೊಂಡರು. ಇಬ್ಬರಿಗೂ ತಮ್ಮ ಪದ್ಧತಿಯೇ ಮೇಲೆಂಬ ನಂಬಿಕೆ. ಒಬ್ಬರನ್ನು ಒಬ್ಬರು ಒಪ್ಪಿಸಲು ಹೊರಟಿದ್ದರೆ ಹತ್ತು ವರ್ಷ ಸಾಲುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಎರಡು ಮುಖಗಳು ತಾಗುವ ಜಾಗದ ಅಳತೆ, ಆಕಾರ, ಬಲಗಳನ್ನು ಮಾತ್ರ ಕರಾರುವಾಕ್ಕಾಗಿ ಒಪ್ಪಿಕೊಂಡು, ಒಳಗಿನದನ್ನು ಅವರವರಿಗೇ ಬಿಟ್ಟರು. 1972ರ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ಐದರಲ್ಲಿ ಎರಡು ಪಾಲಿನ ಗಾತ್ರದ ಮಾದರಿಗಳನ್ನು ಒಂದಕ್ಕೊಂದು ಕೂಡಿಸಿದಾಗ ಅವು ಹೊಂದಿಕೊಂಡವು. ಅಷ್ಟು ದೂರದಲ್ಲಿ ಬೇರೆ ಬೇರೆ ಕೈಗಳು ಕಡೆದ ಲೋಹ ಕೂಡಿಕೊಂಡದ್ದು ಯೋಜನೆಯ ಮೊದಲ ನಿಜವಾದ ಗೆಲುವು.

ಗಾಳಿಯ ಸಮಸ್ಯೆ ಇಷ್ಟು ಸಲೀಸಾಗಿರಲಿಲ್ಲ. ಸೊಯುಜ್ ನೌಕೆಯೊಳಗೆ ನೆಲದ ಮೇಲಿನಂಥದೇ ಗಾಳಿ, ಅಷ್ಟೇ ಒತ್ತಡ. ಅಪೋಲೊದಲ್ಲಿ ಶುದ್ಧ ಆಮ್ಲಜನಕ, ಒತ್ತಡ ಅದರ ಮೂರರಲ್ಲಿ ಒಂದು ಪಾಲು. ಸೊಯುಜ್‌ನಿಂದ ನೇರ ಅಪೋಲೊಗೆ ಕಾಲಿಟ್ಟವನ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಉಕ್ಕಿ ಪ್ರಾಣಕ್ಕೇ ಸಂಚಕಾರ ತರಬಹುದಿತ್ತು. ಆಳ ಸಮುದ್ರದಿಂದ ಸರ್ರನೆ ಮೇಲೆ ಬಂದ ಮುಳುಗುಗಾರನಿಗೆ ಆಗುವಂತೆ. ಅಮೆರಿಕ ಮೂರು ಮೀಟರ್ ಉದ್ದದ ಒಂದು ನಡುಕೋಣೆಯನ್ನು ಕಟ್ಟಿತು. ಒಂದು ಬಾಗಿಲು ಮುಚ್ಚಿ, ಒಳಗಿನ ಗಾಳಿಯನ್ನು ಹೊಂದಿಸಿ, ಇನ್ನೊಂದು ಬಾಗಿಲು ತೆರೆಯುವ ವ್ಯವಸ್ಥೆ. ಆದರೂ ಪ್ರತಿ ದಾಟುವಿಕೆಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಕೊನೆಗೆ ರಷ್ಯನ್ನರು ತಮ್ಮ ನೌಕೆಯ ಒತ್ತಡವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಲು ಒಪ್ಪಿದರು. ತಮ್ಮ ನೌಕೆಯ ಉಸಿರನ್ನೇ ಅತಿಥಿಗಾಗಿ ಬದಲಿಸುವುದು ಚಿಕ್ಕ ಮಾತಲ್ಲ.

ಯಂತ್ರಗಳಿಗಿಂತ ಕಷ್ಟವಾದದ್ದು ಮನುಷ್ಯರ ರೀತಿ. ಅಮೆರಿಕದ ನೌಕೆಯಲ್ಲಿ ಚಾಲಕನೇ ಯಜಮಾನ. ಕೈಯಲ್ಲಿ ಹಿಡಿದು ನೌಕೆ ನಡೆಸುವುದು ಅವನಿಗೆ ಹೆಮ್ಮೆ. ಸೊಯುಜ್ ನೌಕೆಯನ್ನು ಸ್ವಯಂಚಾಲಿತವಾಗಿ, ನೆಲದ ಆದೇಶದಂತೆ ನಡೆಯಲೆಂದೇ ಕಟ್ಟಲಾಗಿತ್ತು. ಅಮೆರಿಕನ್ನರ ಪ್ರತಿ ವೈಫಲ್ಯವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಸೋವಿಯತ್ ಒಕ್ಕೂಟದಲ್ಲಿ ಉಡಾವಣೆ ಯಶಸ್ವಿಯಾದ ಮೇಲಷ್ಟೇ ಸುದ್ದಿ. ಬುಶುಯೆವ್ ನಿಜವಾಗಿ ಕೆಲಸ ಮಾಡುತ್ತಿದ್ದ ವಿನ್ಯಾಸ ಸಂಸ್ಥೆಯ ಬಾಗಿಲು ಅತಿಥಿಗಳಿಗೆ ಮುಚ್ಚಿತ್ತು. ಭೇಟಿಗಳು ನಡೆಯುತ್ತಿದ್ದುದು ವಿಜ್ಞಾನ ಅಕಾಡೆಮಿಯ ಹೆಸರಿನಲ್ಲಿ. ಮೇಜಿನ ಆಚೆ ಕೂತ ಎಂಜಿನಿಯರ್ ‘ನಾಳೆ ಹೇಳುತ್ತೇವೆ’ ಎಂದರೆ ಅದಕ್ಕೆ ಕಾರಣ ಅವನ ಅಜ್ಞಾನವಲ್ಲ, ಕಾಣದ ಯಾರೋ ಒಬ್ಬರ ಅನುಮತಿ ಬೇಕಿತ್ತು ಎಂಬುದನ್ನು ಅಮೆರಿಕನ್ನರು ನಿಧಾನವಾಗಿ ಕಲಿತರು. ರಷ್ಯನ್ನರಿಗೂ ಕಲಿಯುವುದಿತ್ತು. ಎದುರಿನವರು ಎಲ್ಲವನ್ನೂ ಬಗೆದು ಕೇಳುವುದು ಬೇಹುಗಾರಿಕೆಯಲ್ಲ, ಅವರ ಕೆಲಸದ ಕ್ರಮವೇ ಅದು ಎಂದು ಮನವರಿಕೆಯಾಗಲು ಕಾಲ ಹಿಡಿಯಿತು.

ಅನುಮಾನ ಪೂರ್ತಿ ಹೋಗಿತ್ತೆಂದಲ್ಲ. ಮಾಸ್ಕೋ ಬಳಿಯ ನಕ್ಷತ್ರ ನಗರದ ವಸತಿಗೃಹದಲ್ಲಿ ಇಳಿದುಕೊಂಡಿದ್ದ ಅಮೆರಿಕದ ಯಾತ್ರಿಗಳು, ಗೋಡೆಗಳಿಗೆ ಕಿವಿಯಿದೆ ಎಂದೇ ನಂಬಿದ್ದರು. ಯಾವುದಾದರೂ ಅನುಕೂಲ ಬೇಕೆನಿಸಿದರೆ ಕೋಣೆಯಲ್ಲಿ ಗಟ್ಟಿಯಾಗಿ ಗೊಣಗಿಕೊಳ್ಳುವುದು, ಮರುದಿನ ಅದು ಬಂದು ಕೂತಿರುವುದು ನಡೆಯುತ್ತಿತ್ತೆಂದು ಅವರು ಅನಂತರ ನಗುತ್ತ ಹೇಳಿಕೊಂಡಿದ್ದಾರೆ.

1974ರ ಡಿಸೆಂಬರಿನಲ್ಲಿ ಸೊಯುಜ್ 16 ಜಂಟಿ ಹಾರಾಟದ ಪೂರ್ವಪರೀಕ್ಷೆಗಾಗಿ ಹೊರಟಾಗ, ಪಾಲುದಾರ ಅಮೆರಿಕಕ್ಕೆ ಸುದ್ದಿ ಮುಟ್ಟಿದ್ದು ಅದು ಮೇಲೇರಿದ ನಂತರ. ಇದರಿಂದ ಹ್ಯೂಸ್ಟನ್ನಿಗೆ ಬೇಸರವಾಗಿತ್ತು. ಆದರೆ 1975ರ ಏಪ್ರಿಲ್ 5ರಂದು ಇನ್ನೊಂದು ಸೊಯುಜ್ ಉಡಾವಣೆ ಅರ್ಧದಲ್ಲೇ ವಿಫಲವಾಗಿ ಇಬ್ಬರು ಯಾತ್ರಿಗಳು ಜೀವ ಉಳಿಸಿಕೊಂಡು ಇಳಿದಾಗ, ಆ ಸುದ್ದಿಯನ್ನು ಸೋವಿಯತ್ ಕಡೆಯವರೇ ತಿಳಿಸಿ, ಅದು ಹಳೆಯ ಮಾದರಿಯ ರಾಕೆಟ್ ಎಂದು ವಿವರಣೆ ಕೊಟ್ಟರು. ವಾಷಿಂಗ್ಟನ್ನಿನಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಹಾರಾಟವನ್ನೇ ಮುಂದೂಡಬೇಕೆಂದು ಹಟ ಹಿಡಿದಿದ್ದರು. ಅವರ ಶಂಕೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಆದರೆ ತಾಂತ್ರಿಕ ಮಟ್ಟದಲ್ಲಿ ಲನ್ನಿ ಮತ್ತು ಬುಶುಯೆವ್ ಅಷ್ಟರಲ್ಲಿ ಒಬ್ಬರ ಮಾತನ್ನು ಒಬ್ಬರು ತೂಗಿ ನೋಡುವುದನ್ನು ಕಲಿತಿದ್ದರು. ಅದೇ ತಿಂಗಳ ಕೊನೆಯಲ್ಲಿ, ತಾವು ಕೂಡಬೇಕಾದ ನೌಕೆಯನ್ನು ಕಣ್ಣಾರೆ ನೋಡಲೇಬೇಕೆಂದು ಪಟ್ಟುಹಿಡಿದ ಸ್ಟ್ಯಾಫರ್ಡ್ ಮತ್ತು ಸಂಗಡಿಗರಿಗೆ ಬೈಕನೂರಿನ ಉಡಾವಣಾ ಕೇಂದ್ರದ ಬಾಗಿಲು ತೆರೆಯಿತು. ಅಮೆರಿಕದ ಗಗನಯಾತ್ರಿಗಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಭಾಷೆಯ ತೀರ್ಮಾನಕ್ಕೆ ಬರೋಣ. ಎರಡೂ ಕಡೆಯವರಿಗೆ ಎದುರಿನವರ ಭಾಷೆಯನ್ನು ಕಲಿಸಲಾಗಿತ್ತು. ಮೂವರಲ್ಲಿ ಹಿರಿಯ ಡೀಕ್ ಸ್ಲೇಟನ್‌ಗೆ ಆಗ ಐವತ್ತು ವರ್ಷ. 1959ರಲ್ಲಿ ಆಯ್ಕೆಯಾದ ಅಮೆರಿಕದ ಮೊದಲ ಏಳು ಯಾತ್ರಿಗಳಲ್ಲಿ ಅವರೂ ಒಬ್ಬರು. ಎದೆಬಡಿತದ ತೊಂದರೆಯಿಂದ ಹತ್ತು ವರ್ಷ ನೆಲದಲ್ಲೇ ಉಳಿದಿದ್ದವರು. ಆ ವಯಸ್ಸಿನಲ್ಲಿ ರಷ್ಯನ್ ವ್ಯಾಕರಣದ ಮುಂದೆ ಕೂರಬೇಕಾಯಿತು. ಸ್ಟ್ಯಾಫರ್ಡ್ ಹುಟ್ಟಿ ಬೆಳೆದದ್ದು ಒಕ್ಲಹೋಮ ರಾಜ್ಯದ ಸಣ್ಣ ಊರಿನಲ್ಲಿ. ಅವರ ರಷ್ಯನ್ ಮಾತಿಗೂ ಆ ಊರಿನ ಎಳೆತ ಅಂಟಿಕೊಂಡಿತ್ತು. ಈ ಹಾರಾಟದಲ್ಲಿ ಮೂರು ಭಾಷೆಗಳು ಬಳಕೆಯಲ್ಲಿವೆ: ಇಂಗ್ಲಿಷ್, ರಷ್ಯನ್ ಮತ್ತು ‘ಒಕ್ಲಹೋಮ್‌ಸ್ಕಿ’ ಎಂದು ಲಿಯೊನೊವ್ ತಮಾಷೆ ಮಾಡುತ್ತಿದ್ದರು.

ಮೊದಲಿಗೆ ಸಹಜವೆಂದು ತೋರುವುದು, ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಮಾತನಾಡಿ ಎದುರಿನವರು ಅರ್ಥ ಮಾಡಿಕೊಳ್ಳುವುದು. ಅಭ್ಯಾಸದಲ್ಲಿ ಕಂಡದ್ದು ಬೇರೆ. ತಾಯ್ನುಡಿಯಲ್ಲಿ ಮನುಷ್ಯ ವೇಗವಾಗಿ ಮಾತನಾಡುತ್ತಾನೆ, ಪದಗಳನ್ನು ನುಂಗುತ್ತಾನೆ, ಅರ್ಧ ಹೇಳಿ ಉಳಿದದ್ದು ಗೊತ್ತಿದೆಯೆಂದು ಬಿಡುತ್ತಾನೆ. ಕಲಿತ ಭಾಷೆಯಲ್ಲಿ ಯಾರೂ ಗಾದೆ ಒಗೆಯುವುದಿಲ್ಲ. ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಗೊತ್ತಿರುವ ಕೆಲವೇ ಪದಗಳಲ್ಲಿ ಹೇಳಬೇಕಾದ್ದನ್ನಷ್ಟೇ ಹೇಳುತ್ತಾರೆ. ಕೇಳುವವನಿಗೋ ಅದು ಸ್ವಂತ ಭಾಷೆ. ಉಚ್ಚಾರಣೆ ಎಷ್ಟು ಸೊಟ್ಟಗಿದ್ದರೂ ಹಿಡಿದುಕೊಳ್ಳಬಲ್ಲ. ಹೀಗೆ ಕಷ್ಟದ ಭಾರವನ್ನು ಕೇಳುವವನ ತಲೆಯಿಂದ ಇಳಿಸಿ ಹೇಳುವವನ ನಾಲಿಗೆಯ ಮೇಲೆ ಹೊರಿಸಲಾಯಿತು. ಇಂದಿನ ಪರದೆಯ ಸಭೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ತಿರುವು. ಎಲ್ಲರೂ ಇಂಗ್ಲಿಷನ್ನೇ ಆಡುತ್ತಾರೆ, ಅದನ್ನು ಹುಟ್ಟುನುಡಿಯಾಗಿ ಪಡೆದವನು ತನ್ನ ಓಟದಲ್ಲೇ ಓಡುತ್ತಾನೆ, ಹಿಂದುಳಿದವನು ಮತ್ತೆ ಕೇಳಲು ಸಂಕೋಚಪಟ್ಟು ತಲೆಯಾಡಿಸುತ್ತಾನೆ.

ಇದೇ ಅವಧಿಯಲ್ಲಿ ಬೆಂಗಳೂರಿನ ಅಂಚಿನಲ್ಲೂ ಮಾಸ್ಕೋದೊಡನೆ ಇನ್ನೊಂದು ವ್ಯವಹಾರ ನಡೆದಿತ್ತು. ನಿಕ್ಸನ್-ಕೊಸಿಗಿನ್ ಸಹಿಗೆ ಎರಡು ವಾರ ಮೊದಲು, 1972ರ ಮೇ 10ರಂದು, ಇಸ್ರೋ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿ ಭಾರತದ ಮೊದಲ ಉಪಗ್ರಹದ ಬಗ್ಗೆ ಒಪ್ಪಂದ ಮಾಡಿಕೊಂಡವು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ನೇತೃತ್ವದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಅದುವರೆಗೆ ಉಪಗ್ರಹವನ್ನೇ ಕಂಡಿರದ ಯುವಕರು ‘ಆರ್ಯಭಟ’ವನ್ನು ಕಟ್ಟಿದರು. ಸೌರಕೋಶ, ಬ್ಯಾಟರಿಗಳು ಅಲ್ಲಿಂದ ಬಂದವು. ಉಳಿದದ್ದರ ಬಹುಭಾಗ ಇಲ್ಲಿಯದು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಸಂಕೇತಗಳನ್ನು ಸ್ವೀಕರಿಸುವ ಕೋಣೆಯಾಗಿ ಮಾರ್ಪಡಿಸಿದ್ದ ಕಥೆ ಇಸ್ರೋ ವಲಯದಲ್ಲಿ ಈಗಲೂ ಪ್ರಸಿದ್ಧ. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟುವ ವಿದ್ಯೆ ಪೀಣ್ಯದಲ್ಲಿ ನಿಂತಿತು.

ಜುಲೈ 15ರಂದು ಸೊಯುಜ್ ಬೈಕನೂರಿನಿಂದ ಹಾರಿತು. ಸೋವಿಯತ್ ಉಡಾವಣೆಯೊಂದನ್ನು ಜಗತ್ತು ನೇರ ಪ್ರಸಾರದಲ್ಲಿ ನೋಡಿದ್ದು ಅದೇ ಮೊದಲು. ಏಳೂವರೆ ಗಂಟೆಗಳ ನಂತರ ಫ್ಲಾರಿಡಾದಿಂದ ಅಪೋಲೊ ಹೊರಟಿತು. ಸ್ಟ್ಯಾಫರ್ಡ್, ಸ್ಲೇಟನ್ ಜೊತೆಗೆ ವ್ಯಾನ್ಸ್ ಬ್ರ್ಯಾಂಡ್. ಅತ್ತ ಲಿಯೊನೊವ್ ಜೊತೆಗೆ ವ್ಯಾಲೆರಿ ಕುಬಾಸೊವ್. ಜುಲೈ 17ರಂದು, ಭಾರತದ ಗಡಿಯಾರದಲ್ಲಿ ರಾತ್ರಿ ಹತ್ತರ ಸುಮಾರಿಗೆ, ಎಸಳುಗಳು ಹೆಣೆದುಕೊಂಡವು. ಭಾರತದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ಆಗ್ಗೆ ಮೂರು ವಾರ. ಮೂರು ಗಂಟೆಗಳ ನಂತರ ನಡುಕೋಣೆಯ ಬಾಗಿಲು ತೆರೆದು ಇಬ್ಬರು ನಾಯಕರು ಕೈಕುಲುಕಿದರು. ಲಿಯೊನೊವ್ ಅತಿಥಿಗಳ ಕೈಗೆ ವೋಡ್ಕಾ ಚೀಟಿ ಅಂಟಿಸಿದ ಟ್ಯೂಬುಗಳನ್ನು ಕೊಟ್ಟು ಕುಡಿಯಿರೆಂದು ಒತ್ತಾಯಿಸಿದರು. ಒಳಗಿದ್ದುದು ಬೀಟ್ರೂಟ್ ಸಾರು. ಇಂಥ ತಮಾಷೆ ಮಾಡುವ ಧೈರ್ಯ, ಮಾಡಿಸಿಕೊಳ್ಳುವ ಸಲುಗೆ ಹುಟ್ಟಲು ಮೂರು ವರ್ಷ ಬೇಕಾಗಿತ್ತು.

ಎಲ್ಲವೂ ಸುಸೂತ್ರವಾಗಿತ್ತೆಂದೇನಲ್ಲ. ಎರಡು ದಿನಗಳ ನಂತರ ನೌಕೆಗಳು ಬೇರ್ಪಟ್ಟು ಮತ್ತೊಮ್ಮೆ ಕೂಡಿದವು. ಈ ಸಲ ಉಂಗುರ ಚಾಚಿದ್ದು ಸೊಯುಜ್, ಅಪೋಲೊ ನಡೆಸುತ್ತಿದ್ದವರು ಸ್ಲೇಟನ್. ಹೊಡೆತ ಒರಟಾಗಿಯೇ ಬಿತ್ತು. ಆದರೂ ರಷ್ಯನ್ ಹಲ್ಲುಚಕ್ರಗಳು ತಾಳಿಕೊಂಡವು. ಹಿಂದಿರುಗುವಾಗ ಅಪೋಲೊದೊಳಗೆ ವಿಷಾನಿಲ ನುಗ್ಗಿ ಮೂವರೂ ಆಸ್ಪತ್ರೆ ಸೇರಬೇಕಾಯಿತು. ಅದು ಮಾತ್ರ ಪೂರ್ತಿ ಅಮೆರಿಕನ್ನರದೇ ಮನೆಯೊಳಗಿನ ತಪ್ಪು.

ಈ ಹಾರಾಟದ ಸಂಪರ್ಕಕ್ಕೆ ನೆರವಾದ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹಕ್ಕೆ ಎರಡು ವಾರಗಳ ನಂತರ ಬೇರೆಯೇ ಕೆಲಸ ಕಾದಿತ್ತು. ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅದು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಸುರಿಸಿತು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಬೋಗುಣಿಯಂಥ ಆಂಟೆನಾಗಳ ಕೆಳಗೆ ಕೂತು ಅದನ್ನು ನೋಡಿದವರಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ರೈತರೂ ಇದ್ದರು.

ಅಮೆರಿಕಕ್ಕೆ ಯೋಜನೆಯ ಖರ್ಚು ಸುಮಾರು 25 ಕೋಟಿ ಡಾಲರ್. ಒಂದು ಕೈಕುಲುಕಿಗೆ ಇಷ್ಟು ಬೆಲೆಯೇ ಎಂದು ಟೀಕಾಕಾರರು ಕೇಳಿದ್ದರಲ್ಲಿ ಅರ್ಥವಿಲ್ಲದಿಲ್ಲ. ಎರಡನೆಯ ಜಂಟಿ ಹಾರಾಟದ ಮಾತು ಅಲ್ಲಿಗೇ ನಿಂತಿತು. 1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕ ಮೇಲೆ ಅದನ್ನು ಎತ್ತುವವರೇ ಇಲ್ಲವಾದರು. ಆದರೆ ಸಿರೊಮ್ಯಾಟ್ನಿಕೊವ್ ತಮ್ಮ ಉಂಗುರವನ್ನು ತಿದ್ದುತ್ತಲೇ ಇದ್ದರು. ಸೋವಿಯತ್ ಒಕ್ಕೂಟವೇ ಕಣ್ಮರೆಯಾದ ನಂತರ, 1995ರ ಜೂನ್ 29ರಂದು, ಅಮೆರಿಕದ ಅಟ್ಲಾಂಟಿಸ್ ನೌಕೆ ರಷ್ಯದ ಮೀರ್ ನಿಲ್ದಾಣಕ್ಕೆ ಕೂಡಿದ್ದು ಅದೇ ಉಂಗುರದ ಸುಧಾರಿತ ರೂಪದಿಂದ. 2000ದ ನವೆಂಬರಿನಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೆಲೆಸುತ್ತಿರುವ ಯಾತ್ರಿಗಳು ಇಂಗ್ಲಿಷ್ ಮತ್ತು ರಷ್ಯನ್ ಎರಡನ್ನೂ ಕಲಿತೇ ಹೋಗುತ್ತಾರೆ, ಮೇಲೆ ಹೋಗಿ ಎರಡನ್ನೂ ಕಲಸಿ ಮಾತನಾಡುತ್ತಾರೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಭೂಮಿಯ ಮೇಲೆ ಮಾತುಕತೆ ಮುರಿದುಬಿದ್ದಾಗಲೂ ಆ ನಿಲ್ದಾಣದಲ್ಲಿ ಎರಡೂ ದೇಶದವರು ಒಟ್ಟಿಗೇ ಕೆಲಸ ಮುಂದುವರಿಸಿದರು.

2025ರ ಜನವರಿ 16ರಂದು ಇಸ್ರೋದ ಎರಡು ಸಣ್ಣ ನೌಕೆಗಳು ಕಕ್ಷೆಯಲ್ಲಿ ಒಂದಕ್ಕೊಂದು ಕೂಡಿದವು. ಅವುಗಳ ಜೋಡಣಾ ಯಂತ್ರವೂ ಗಂಡು-ಹೆಣ್ಣೆಂಬ ಭೇದವಿಲ್ಲದ, ಎರಡೂ ಕಡೆ ಒಂದೇ ರೂಪದ್ದು. ಅವನ್ನು ನಡೆಸಿದ ನಿಯಂತ್ರಣ ಕೇಂದ್ರ ಇರುವುದು ಪೀಣ್ಯದಲ್ಲಿ.

ಸ್ಟ್ಯಾಫರ್ಡ್ ಮತ್ತು ಲಿಯೊನೊವ್ ನಡುವಿನ ಗೆಳೆತನ ಯೋಜನೆಯ ಜೊತೆಗೆ ಮುಗಿಯಲಿಲ್ಲ. ಸ್ಟ್ಯಾಫರ್ಡ್ ರಷ್ಯದ ಇಬ್ಬರು ಹುಡುಗರನ್ನು ದತ್ತು ತೆಗೆದುಕೊಂಡಾಗ ನೆರವಿಗೆ ನಿಂತವರು ಲಿಯೊನೊವ್. 2019ರ ಅಕ್ಟೋಬರಿನಲ್ಲಿ ಲಿಯೊನೊವ್ ತೀರಿಕೊಂಡರು. 89 ವರ್ಷದ ಸ್ಟ್ಯಾಫರ್ಡ್ ಅಂತ್ಯಕ್ರಿಯೆಗೆ ಅಮೆರಿಕದಿಂದ ಬಂದರು. ಗೆಳೆಯನ ಬಗ್ಗೆ ಅವರು ಅಲ್ಲಿ ಆಡಿದ ವಿದಾಯದ ಮಾತುಗಳು ರಷ್ಯನ್ ಭಾಷೆಯಲ್ಲಿದ್ದವು.